ಎಲ್ಲ ನಂಬರಿಗೂ ಒಮ್ಮೆಗೇ ಎರಡು

ಗೀತಾ ಒಂದೇ ಸಲ ‘2’ ಒತ್ತಿದ್ದಕ್ಕೆ ಪರದೆಯ ಮೇಲಿದ್ದ ಸಾಲುಗಳೆಲ್ಲ ಒಟ್ಟಿಗೆ ಬಲಕ್ಕೆ ಸರಿದವು. ಅದು ನಾನು ಜಯನಗರ, ಬನಶಂಕರಿಗಳಲ್ಲಿ ಮನೆಮನೆ ತಿರುಗಿ ಸೇರಿಸಿದ್ದ ರಕ್ತದಾನಿಗಳ ಪಟ್ಟಿ. ಬೆಂಗಳೂರಿನ ಏಳಂಕಿಯ ಲ್ಯಾಂಡ್‌ಲೈನ್ ನಂಬರ್‌ಗಳ ಮುಂದೆ ಆಗಷ್ಟೇ 2 ಸೇರಿತ್ತು. ಎಕ್ಸೆಲ್‌ನಲ್ಲಿ ಅದುವರೆಗೂ ಒಂದೊಂದನ್ನೇ ತಿದ್ದುತ್ತ ಕೂತಿದ್ದೆ. ಒಂದು ಅಂಕಿ ತಪ್ಪಿದರೂ ಕಷ್ಟಕಾಲದ ಕರೆ ಇನ್ಯಾರದೋ ಮನೆಗೆ ಹೋಗುತ್ತದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಧಾರವಾಡದ ಗೀತಾ ಆ ಪಟ್ಟಿಯನ್ನು ಟೆಕ್ಸ್ಟ್ ಫೈಲ್ ಮಾಡಿ, ತಾನು ಪ್ರೋಗ್ರಾಂ ಬರೆಯುವ ಎಡಿಟರ್‌ನಲ್ಲಿ ತೆರೆದಿದ್ದಳು. ಸಾಲುಗಳ ಮೊದಲಲ್ಲೇ ಇದ್ದ ನಂಬರ್‌ಗಳ ಮುಂದೆ ಮೇಲಿನಿಂದ ಕೆಳಕ್ಕೆ, ಏನು ಒತ್ತಿದರೂ ಎಲ್ಲ ಸಾಲಿಗೂ ಬೀಳುವಂತೆ, ಕರ್ಸರನ್ನು ಉದ್ದ ಗೆರೆಯಾಗಿ ಎಳೆದಿದ್ದಳು.

“ಅಯ್ಯೋ, ಏನ್ ಮಾಡ್ಬಿಟ್ಟೆಮ್ಮಾ?”

“ಅಂಜಬ್ಯಾಡ್ರಿ ಅಂಕಲ್, ಎಲ್ಲಾರಿಗೂ ಎರಡು ಹಚ್ಚೇನಿ. ಯಾವದರ ಒಂದಕ್ಕ ಫೋನ್ ಹಚ್ಚಿ ನೋಡ್ರಿ.”

ನಡುವಿನ ಒಂದು ನಂಬರಿಗೆ ಮಾಡಿದೆ. ಪಟ್ಟಿಯಲ್ಲಿದ್ದ ದಾನಿಯೇ ಎತ್ತಿದರು. ನಾನು ನನ್ನ ಹೆಸರು ಹೇಳಿದ್ದೇ ತಡ, “ಯಾವ ಆಸ್ಪತ್ರೆ ಹೇಳಿ ಸಾರ್, ಹೊರಟೆ!” ಎಂದರು.

“ಯಾರಿಗೂ ಏನೂ ಆಗಿಲ್ಲಪ್ಪ!” ಎಂದು ಕೂಗಿದೆ. ಗೀತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ರಕ್ತ ಬೇಡವೆಂದಾಗ ಆತ “ಹೌದಾ...” ಎಂದ ಪೆಚ್ಚು ದನಿ ನೆನಪಾದರೆ ಈಗಲೂ ಒಬ್ಬನೇ ನಗುತ್ತೇನೆ.