ಹಾಡುಗಾರ ಬಾಯಿ ತೆರೆಯುವ ಮುನ್ನ

ಕುಣಿಗಲ್ ಕೆರೆ ಏರಿಯ ಮೇಲೆ ಇನ್ನೂ ಮಂಜು ಕರಗಿಲ್ಲ. ಏರಿಯ ಕೆಳಗಿನ ಬೀದಿಗೆ ಕಸದ ಗಾಡಿಯೊಂದು ತಿರುಗುತ್ತದೆ. ತಲೆಗೆ ಟವೆಲ್ ಸುತ್ತಿಕೊಂಡು ಸ್ಟಿಯರಿಂಗ್ ಹಿಡಿದಿರುವ ಹೇಮಶ್ರೀ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತುತ್ತಾರೆ. ಗಾಡಿಯ ನೆತ್ತಿಯ ಸ್ಪೀಕರಿನಲ್ಲಿ ಗಿಟಾರೊಂದು ಮೆಟ್ಟಿಲು ಹತ್ತಿದಂತೆ ಮೆಲ್ಲಗೆ ಹತ್ತಿ, ನಿಂತು, ಮತ್ತೆ ಹತ್ತುತ್ತದೆ. ಯಾವುದೋ ಇಂಗ್ಲಿಷ್ ಹಾಡಿನ ಆರಂಭ. ಬಾಗಿಲುಗಳು ತೆರೆದು ಹಸಿರು ಬಕೆಟ್‌ಗಳು ಹೊರಬರುತ್ತವೆ. ಗಿಟಾರು ಎಂದರೆ ಹಸಿ ಕಸ ಎಂಬುದು ಬೀದಿಗೆಲ್ಲ ಗೊತ್ತು. ಗಾಯಕ ಬಾಯಿ ತೆರೆಯುವ ಮುನ್ನ ಹೆಬ್ಬೆರಳು ಮತ್ತೆ ಒತ್ತುತ್ತದೆ. ಹಾಡು ಮೊದಲಿನಿಂದ ಶುರುವಾಗುತ್ತದೆ.

"ಏನೇ ಹೇಮ, ನಿನ್ ಇಂಗ್ಲಿಷ್ ಗಂಡ ಇವತ್ತು ಲೇಟು?" ಎನ್ನುತ್ತ ಹೊಂಬಾಳಮ್ಮ ಬಕೆಟ್ ಎತ್ತಿಕೊಡುತ್ತಾರೆ.

"ಚಳಿ ಕಣಕ್ಕ. ಅವ್ನೂ ಹೊದ್ಕಂಡು ಮಲಗಿದ್ದ."

ಹುತ್ರಿದುರ್ಗದ ತಪ್ಪಲಿನ ಹಳ್ಳಿಯಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿಸಿಕೊಂಡವರು ಹೇಮಶ್ರೀ. ಗಂಡ ತೀರಿಕೊಂಡ ಮೇಲೆ ಈ ಗಾಡಿ ಹತ್ತಿದರು. ಈಗ ದಿನಕ್ಕೆ ನಾನೂರು ಮನೆಗಳ ಕಸ ಎತ್ತುತ್ತಾರೆ. ಮೊದಲು ಸ್ಪೀಕರಿನಲ್ಲಿ ಒಂದು ಉದ್ದನೆಯ ಪ್ರಕಟಣೆ ಬರುತ್ತಿತ್ತು. ಮಳೆಗೆ ಮೆಮೊರಿ ಕಾರ್ಡ್ ಕೆಟ್ಟಾಗ, ತುಮಕೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ತಮ್ಮ ಅಂಜನ್‌ಕುಮಾರ್ ಕೈಗೆ ಸಿಕ್ಕ ಕಾರ್ಡೊಂದನ್ನು ತುರುಕಿ ಕಳಿಸಿದ. ಅದರ ತುಂಬ ಇಂಗ್ಲಿಷ್ ಹಾಡುಗಳು.

"ಪ್ರಕಟಣೆನ ಯಾರೂ ಕೇಳ್ತಿರ್ಲಿಲ್ಲ ಸಾರ್. ಇವು ಶುರುವಾದ ತಕ್ಷಣ ಕಿವಿ ನೆಟ್ಟಗಾಯ್ತವೆ. ಅದ್ಕೆ ಗಿಟಾರ್‌ದು ಹಸಿ ಕಸಕ್ಕೆ, ಡ್ರಮ್ಸ್‌ದು ಒಣ ಕಸಕ್ಕೆ ಅಂತ ಹಂಚ್ಕೊಟ್ಟೆ" ಎಂದು ಅವರು ನನ್ನತ್ತ ತಿರುಗಿ ನಗುತ್ತಾರೆ.

ಒಬ್ಬರಿಗೆ ಮಾತ್ರ ಇದು ಹಿಡಿಸಲಿಲ್ಲ. ಬೀದಿಯ ಕೊನೆ ಮನೆಯ ವೀರಭದ್ರಯ್ಯ ಒಂದು ದಿನ ವಿಭೂತಿ ಹಣೆಯಲ್ಲೇ ಗೇಟಿಗೆ ಬಂದರು. "ಏನಮ್ಮ ಇದು? ಅಂಗೈಲಿ ಲಿಂಗ ಇಟ್ಕೊಂಡ್ ಕೂತಿರ್ತೀನಿ, ಇವ್ನ್ ಬಂದ್ ಕಿವೀಲಿ ಕಿರುಚ್ತಾನೆ."

ಹಿರಿಯರ ಮಾತು. ಹೇಮಶ್ರೀ ಹಾಡು ನಿಲ್ಲಿಸಿ ಬರೀ ಹಾರ್ನ್ ಹೊಡೆಯತೊಡಗಿದರು. ಹಾರ್ನ್ ಕೇಳಿದ ಜನ ಹಸಿ ಕಸಕ್ಕೋ ಒಣ ಕಸಕ್ಕೋ ತಿಳಿಯದೆ, ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಬಕೆಟ್‌ಗೆ ಸುರಿದು ತಂದರು.

ಆ ವಾರವೇ, ಊರಾಚೆಯ ಶೆಡ್ಡಿನಲ್ಲಿ ಕಸ ಬೇರ್ಪಡಿಸುವ ಕಲ್ಲಮ್ಮ ಪೂಜೆಯ ಬಾಡಿದ ಹೂಗಳ ರಾಶಿಗೆ ಕೈ ಹಾಕಿದರು. ಒಳಗೆ ದೇವರ ಪಟದ ಒಡೆದ ಗಾಜು. ಬಲಗೈಯ ನಡುಬೆರಳು ಮೂಳೆಯವರೆಗೆ ಸೀಳಿತು. ಗಾಜಿಗೆ ಮೆತ್ತಿದ್ದ ವಿಭೂತಿಯನ್ನು ಕಂಡಾಗ ಅದು ಯಾರ ಮನೆಯದೆಂದು ಹೇಮಶ್ರೀಗೆ ಹೊಳೆಯಿತು. ಆ ಬಕೆಟ್ಟನ್ನು ಗಾಡಿಗೆ ಸುರಿದದ್ದು ತಾವೇ ಎಂಬುದೂ ನೆನಪಾಯಿತು.

ಮರುದಿನ ಅವರು ಜಗಳಕ್ಕೇನೂ ಹೋಗಲಿಲ್ಲ. "ಅಯ್ಯಾರೇ, ನಿಮ್ಮನೇಲಿ ಪಟ ಏನಾದ್ರೂ ಒಡೆದಿತ್ತಾ?" ಎಂದು ಕೇಳಿದರು, ಅಷ್ಟೇ. ಕಲ್ಲಮ್ಮನ ಬೆರಳಿನ ಸುದ್ದಿ ಕೇಳಿ ವೀರಭದ್ರಯ್ಯ ಶೆಡ್ಡು ಎಲ್ಲಿದೆ ಎಂದು ವಿಚಾರಿಸಿದರು.

ಸಂಜೆ ಅವರು ಶೆಡ್ಡಿಗೆ ಬಂದದ್ದನ್ನು ಕಲ್ಲಮ್ಮ ಹೇಳುತ್ತಾರೆ. "ಬಂದ್ರು, ಎದುರಿಗೆ ಕೂತ್ಕಂಡ್ರು. ನನ್ ಕೈಗೆ ಕಟ್ಟಿದ್ ಪಟ್ಟಿ ನೋಡಿ ಕಣ್ಣೀರ್ ಹಾಕ್ಕಂಡ್ರು. ನಾನೇ ಸಮಾಧಾನ ಮಾಡ್ಬೇಕಾಯ್ತು, ಬುಡಿ ಅಯ್ಯಾರೇ ಅಂತ."

ಹೊರಡುವಾಗ ಅವರು ಅಲ್ಲೇ ಇದ್ದ ಹೇಮಶ್ರೀಗೆ ಹೇಳಿದ್ದು ಇಷ್ಟು: "ನಾಳೆಯಿಂದ ಹಾಕಮ್ಮ. ಹಾಡೋನು ಬಾಯಿ ತೆಗೆಯೋವರ್ಗೂ ಇರ್ಲಿ. ನಾದಕ್ಕೆ ಯಾವ ಜಾತಿ."

ಅಂದಿನಿಂದ ಹೆಬ್ಬೆರಳಿಗೆ ಈ ಕೆಲಸ. ವೀರಭದ್ರಯ್ಯ ಈಗ ಪೂಜೆ ಮುಗಿಸಿ ತಾವೇ ಎರಡು ಬಕೆಟ್ ಹಿಡಿದು ನಿಲ್ಲುತ್ತಾರೆ. ಗಾಜಿದ್ದರೆ ಪೇಪರಿನಲ್ಲಿ ಸುತ್ತಿ ಕೈಗೇ ಕೊಡುತ್ತಾರೆ.

ಬಿಸಿಲೇರುವ ಹೊತ್ತಿಗೆ ಗಾಡಿ ಶೆಡ್ಡು ಸೇರುತ್ತದೆ. ಕಲ್ಲಮ್ಮನ ನಡುಬೆರಳು ಇಂದಿಗೂ ಮಡಚುವುದಿಲ್ಲ, ಅದೊಂದು ಬಿಟ್ಟು ಉಳಿದ ಬೆರಳುಗಳಲ್ಲೇ ಅವರ ಕೆಲಸ ಸಾಗುತ್ತದೆ. "ದೂರದಿಂದ ಇವಳ ಗಿಟಾರ್ ಕೇಳುಸ್ತು ಅಂದ್ರೆ, ಇವತ್ತು ಕೈ ಹಾಕ್ಬೋದು ಅಂತ ಧೈರ್ಯ. ಆದ್ರೆ ಇವಳ ಹಾಡ್ಗೆ ತಲೆ ಐತೆ, ಮೈ ಇಲ್ಲ."

ಹೇಮಶ್ರೀಯ ಆಸೆಯೂ ಅದೇ. "ಒಂದ್ ಹಾಡ್ನಾದ್ರೂ ಪೂರ್ತಿ ಕೇಳ್ಬೇಕು ಸಾರ್. ಮುಂದೆ ಅವ್ನ್ ಏನ್ ಹೇಳ್ತಾನೋ."

"ಹಂಗಾದ್ರೆ ಹಾಕೇ, ಇಲ್ಲಿ ಯಾರ್ ಬೇಡ ಅಂತಾರೆ?" ಎನ್ನುತ್ತಾರೆ ಕಲ್ಲಮ್ಮ.

ಹೇಮಶ್ರೀ ಗುಂಡಿ ಒತ್ತುತ್ತಾರೆ. ಗಿಟಾರು ಮೆಟ್ಟಿಲು ಹತ್ತುತ್ತದೆ. ಕಲ್ಲಮ್ಮ ಮಡಚದ ಬೆರಳಿನಿಂದ ಬಕೆಟ್ಟಿನ ಅಂಚಿಗೆ ಮೆಲ್ಲಗೆ ತಾಳ ಹಾಕುತ್ತಾರೆ. ಗಾಯಕ ಇನ್ನೇನು ಬಾಯಿ ತೆರೆಯಬೇಕು, ಹೇಮಶ್ರೀಯ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿಬಿಡುತ್ತದೆ.

ಇಬ್ಬರೂ ನಗುತ್ತಾರೆ.

"ಬುಡು," ಎನ್ನುತ್ತಾರೆ ಕಲ್ಲಮ್ಮ, ತಾಳ ನಿಲ್ಲಿಸದೆ. "ಇನ್ನೊಂದ್ ಸಲ ಶುರುವಿಂದ್ಲೇ ಹಾಕು."