ಖಣದ ಕ್ಷೇತ್ರಫಲ

ಉಡಿ ತುಂಬುವಾಗ ಕೊಡುವ ಕುಪ್ಪಸದ ಖಣವನ್ನು ನಮ್ಮ ಸೋಲಾಪುರದ ಕಡೆ ತ್ರಿಕೋನವಾಗಿ ಮಡಚುತ್ತಾರೆ. ಕೊಡುವಾಗ ಅದು ಎಷ್ಟು ಚೆಂದವೋ, ಕಪಾಟಿನಲ್ಲಿ ಒಂದರ ಮೇಲೊಂದು ಇಡುವಾಗ ಅಷ್ಟೇ ತಕರಾರಿನದು. ನಮ್ಮದು ಬಟ್ಟೆ ಅಂಗಡಿ. ಅಲ್ಲಿ ಅಪ್ಪ ಒಂದು ಖಣದ ತುದಿಯನ್ನು ತಳಕ್ಕೆ ತಂದು, ಬದಿಯ ಎರಡು ಮೂಲೆಗಳನ್ನೂ ಅಲ್ಲಿಗೇ ಮಡಚಿ, ಆದ ಆಯತವನ್ನು ತೋರಿಸಿ, ತಳದ ಅರ್ಧ, ಎತ್ತರದ ಅರ್ಧ, ಪದರು ಎರಡು ಎಂದು ನನಗೆ ತ್ರಿಕೋನದ ಕ್ಷೇತ್ರಫಲ ಕಲಿಸಿದ ಕಥೆಯನ್ನು ಎಷ್ಟು ಕಡೆ ಹೇಳಿದ್ದೇನೋ! ಎಂಜಿನಿಯರಿಂಗ್ ಪಾಸಾದಾಗ ಸಮಾಜದವರು ಮಾಡಿದ ಸತ್ಕಾರದಲ್ಲೂ ಹೇಳಿದ್ದೆ.

ಕಳೆದ ರವಿವಾರ ಅಕ್ಕಲಕೋಟೆಯ ಅಕ್ಕನ ಮನೆಯಲ್ಲಿ, ಮರುದಿನದ ಪರೀಕ್ಷೆಗೆ ಓದುತ್ತಿದ್ದ ನನ್ನ ಮಗಳು ಶ್ರೇಯಾಳಿಗೆ ಅದನ್ನೇ ಶುರುಮಾಡಿದೆ. ಖಣಗಳನ್ನು ಮಡಚಿಡುತ್ತಿದ್ದ ಅಕ್ಕ ನಕ್ಕಳು.

"ಅಪ್ಪಗ ಖಣಾ ಮಾರೂದು ಗೊತ್ತಿತ್ತೋ ತಮ್ಮಾ, ಮಡಚೂದು ಎಲ್ಲಿ ಬರ್ತಿತ್ತು? ನಿನಗ ಕಲಿಸಿದಾಕಿ ನಾ."

ಒಂಬತ್ತನೆಯ ಇಯತ್ತೆಗೆ ಶಾಲೆ ಬಿಡಿಸಿ ಅಕ್ಕನನ್ನು ಅಂಗಡಿಯಲ್ಲಿ ಕೂರಿಸಿದ್ದರು. ನೆನಪನ್ನು ಕೆದಕಿದೆ. ಮಡಿಕೆ ಒತ್ತುವ ಒಂದು ಕೈ ಕಾಣುತ್ತದೆ, ಬಳೆಗಳ ಸದ್ದೂ ಕೇಳುತ್ತದೆ. ಆದರೆ ಮಿತ್ರರೇ, ಆ ಬಳೆಗಳು ಮೊದಲಿನಿಂದಲೂ ಅಲ್ಲಿದ್ದವೋ, ಅಕ್ಕನ ಮಾತು ಕೇಳಿದ ಮೇಲೆ ನಾನೇ ತೊಡಿಸಿದೆನೋ, ಆಣೆ ಮಾಡಿ ಹೇಳಲಾರೆ. ತೀರಿಕೊಂಡ ಅಪ್ಪನಿಗೆ ಕೊಟ್ಟ ಕೀರ್ತಿ ಸಭೆಯಲ್ಲಿ ಒಪ್ಪುತ್ತದೆಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

"ಸತ್ಕಾರದಾಗ ನೀ ಮುಂದನ ಕುಂತಿದ್ದಿಯಲ್ಲ ಅಕ್ಕಾ, ಆಗ್ಯಾಕ ಸುಮ್ಮನಿದ್ದಿ?"

"ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ಅಷ್ಟ ಮಂದ್ಯಾಗ ಎದ್ದು ನಿನ್ನ ಭಾಷಣಾ ತಿದ್ದಬೇಕಿತ್ತೇನು?"

ಅಷ್ಟರಲ್ಲಿ ಶ್ರೇಯಾ ತನ್ನ ಲೆಕ್ಕದ ವಹಿ ತೆರೆದು ಮುಂದಿಟ್ಟಳು. ಅದರಲ್ಲಿದ್ದ ತ್ರಿಕೋನದ ತುದಿ ತಳವನ್ನು ದಾಟಿ ಆಚೆಗೆ ವಾಲಿತ್ತು. ನಾನು ಹೊರಗೆ ಚುಕ್ಕೆಗೆರೆ ಎಳೆದು ಎತ್ತರ ತೋರಿಸಿದೆ.

"ಪಪ್ಪಾ, ಎತ್ತರ ಮನಿ ಬಿಟ್ಟು ಹೊರಗ್ಯಾಕ ಹೋತು? ಇದನ್ನ ಮಡಚೂದು ಹ್ಯಾಂಗ?"

ನನ್ನ ಕಥೆಯಲ್ಲಿ ಅಪ್ಪ ಯಾವಾಗಲೂ ಎರಡೂ ಬದಿ ಸಮನಾದ ಖಣವನ್ನೇ ಮಡಚಿದ್ದ. ಅಕ್ಕ ವಹಿಯನ್ನು ತಿರುಗಿಸಿದಳು.

"ಉದ್ದನ ಬಾಜು ಕೆಳಗ ಮಾಡವ್ವಾ. ಈಗ ನೋಡು, ತುದಿ ಒಳಗ ಬೀಳ್ತದ. ಕಾಗದಾ ಕತ್ತರಿಸಿ ಮಡಚು."

ಶ್ರೇಯಾ ಕತ್ತರಿಸಿ ಮಡಚಿದಳು. ಮೂರು ಮೂಲೆಗಳೂ ಒಂದೇ ಬಿಂದುವಿಗೆ ಬಂದು ಕೂಡಿದವು. ನೆನಪು ಹೇಳಲಾರದ್ದನ್ನು ಆ ಕಾಗದ ಹೇಳಿತು.

"ಅತ್ಯಾ, ಇನ್ನೊಂದು!" ಎಂದು ಮಗಳು ವಹಿಸಮೇತ ಅಕ್ಕನ ಮಗ್ಗುಲಿಗೆ ಸರಿದಳು. ಅಕ್ಕ ಬಿಟ್ಟ ಖಣಗಳನ್ನು ನಾನು ಎಳೆದುಕೊಂಡು ಮಡಚತೊಡಗಿದೆ. ಅವಳು ಪಾಠದಿಂದ ತಲೆಯೆತ್ತದೆಯೇ ಅಂದಳು:

"ಮೂಲಿ ಸರಿ ಕೂಡಸೋ, ಎಂಜಿನಿಯರಾ."