ಮೂರು ಚರ್ಚುಗಳ ಲುಕಿಯಾ

ಕುಷ್ಠರೋಗ ಕಂಡಿತೆಂದು, ನಾನು ಪಾಠ ಹೇಳುತ್ತಿದ್ದ ಶಾಲೆಯಿಂದಲೇ ನನ್ನನ್ನು ಹವಾಯಿಯ ಕುಷ್ಠರೋಗಿಗಳ ನೆಲೆಯಾದ ಕಲೌಪಪಾಕ್ಕೆ ಕಳುಹಿಸಿದರು. ದೋಣಿಯಿಂದಿಳಿದ ದಿನ ಮೊದಲು ಮಾತನಾಡಿಸಿದವಳು ಲುಕಿಯಾ.

"ಮೇಷ್ಟ್ರೇ, ನೀವು ಯಾವ ಚರ್ಚು?"

ಇನ್ನೂ ಯೋಚಿಸಿಲ್ಲವೆಂದೆ.

"ಬೇಗ ಯೋಚಿಸಿ. ಇಲ್ಲಿ ಬದುಕೋಕೆ ಯಾವ್ದಾದ್ರೂ ನಡೀತದೆ. ಹೂಳೋಕೆ ಮಾತ್ರ ಒಂದೇ ಬೇಕು."

ಮಾತು ಸುಳ್ಳಲ್ಲ. ನಮ್ಮಲ್ಲಿ ಚರ್ಚುಗಳು ಮೂರು, ಕಡಲಂಚಿನ ಸ್ಮಶಾನದಲ್ಲೂ ಮೂರು ಪಾಲು. ಮೊದಲು ಬಂದವರು ತಮಗೆ ಸರಿಯಾದ ಸೂರಿಲ್ಲದಾಗಲೇ ಪ್ರೊಟೆಸ್ಟೆಂಟ್ ಚರ್ಚು ಕಟ್ಟಿದರೆಂದು ಹಿರಿಯರು ಹೇಳುತ್ತಿದ್ದರು. ಕ್ಯಾಥೊಲಿಕರದೂ ಮಾರ್ಮನರದೂ ಆಮೇಲೆ ಎದ್ದವು.

ಲುಕಿಯಾ ಮೂರಕ್ಕೂ ಸೇರಿದವಳು. ಜೊತೆಗಾರ ತೀರಿಕೊಂಡರೆ ಮತ್ತೊಬ್ಬರ ಕೈ ಹಿಡಿಯುವುದು ನಮ್ಮಲ್ಲಿ ಹೊಸತಲ್ಲ. ಅವಳ ಮೊದಲ ಗಂಡ ಕನಿಯೆಲಾ ಪ್ರೊಟೆಸ್ಟೆಂಟ್, ಎರಡನೆಯ ಹೊಸೆಯಾ ಮಾರ್ಮನ್, ಮೂರನೆಯ ಪಲಕಿಕೊ ಕ್ಯಾಥೊಲಿಕ್. ಪ್ರತಿ ಮದುವೆಗೂ ಅವಳು ಗಂಡನ ಚರ್ಚಿಗೆ ಹೋದಳು. ಕಂಠ ಚೆನ್ನಾಗಿದ್ದುದರಿಂದ ಮೂರು ಕಡೆಯೂ ಮುಂದಿನ ಸಾಲಿನಲ್ಲೇ ನಿಲ್ಲಿಸಿಕೊಂಡರು.

ಪಲಕಿಕೊ ತೀರಿಕೊಂಡಾಗ ಅವಳಿಗೆ ಎಪ್ಪತ್ತು ದಾಟಿತ್ತು. ಅವನ ತಂಗಿ ಲೆಪೆಕಾ ಜೋಡಿಗಲ್ಲು ನಿಲ್ಲಿಸಿ, ಅಣ್ಣನ ಹೆಸರಿನ ಪಕ್ಕದಲ್ಲಿ ಅತ್ತಿಗೆಯ ಹೆಸರನ್ನೂ ಕೆತ್ತಿಸಿದಳು. ಲುಕಿಯಾ ಕಲ್ಲನ್ನು ನೋಡಿ ಮನೆಗೆ ಬಂದಳು. ಮರುದಿನ ಲೆಪೆಕಾಳನ್ನು ಕರೆದಳು. ನಾನೂ ಅಲ್ಲೇ ಇದ್ದೆ.

"ನಾನಲ್ಲಿ ಮಲಗಲ್ಲ ಕಣೇ. ಹೊಸೆಯಾ ಪಕ್ಕ ಮಲಗ್ತೀನಿ."

"ಆ ಮುಂಗೋಪಿ ಪಕ್ಕಾನಾ? ಅತ್ತಿಗೆ, ದಿನಾ ಜಗಳ ಆಡ್ತಿದ್ರಿ ಇಬ್ಬರೂ."

"ಆಡ್ತಿದ್ವಿ."

"ನಮ್ಮಣ್ಣ ಏನು ಕಡಿಮೆ ಮಾಡಿದ್ದ ನಿಂಗೆ?"

"ಏನೂ ಇಲ್ಲ. ಅವನ ಪಕ್ಕಕ್ಕೆ ನೀನು ಬರ್ತೀಯ, ನಿಮ್ಮಕ್ಕ ಆಗಲೇ ಇದ್ದಾಳೆ. ಕನಿಯೆಲಾಗೆ ತಾಯಿ ಇದ್ದಾಳೆ. ಹೊಸೆಯಾ ಸತ್ತುಹೋದ ಅಂತ ಅವನು ಬದುಕಿದ್ದಾಗಲೇ ಮನೆಯವರು ಊರಿಗೆಲ್ಲ ಹೇಳಿದ್ರು. ಅವನಿಗ್ಯಾರಿದ್ದಾರೆ?"

ಲೆಪೆಕಾ ಎದ್ದು ಹೋದಳು. ಬಹಳ ದಿನ ಆ ಮನೆಯ ಕಡೆ ಸುಳಿಯಲಿಲ್ಲ.

ಇನ್ನು ಮಾರ್ಮನ್ ಚರ್ಚಿನ ಹಿರಿಯರು ಒಪ್ಪಬೇಕಿತ್ತು. ಅವರು ಸಜ್ಜನರು, ಆದರೆ ನಿಯಮ ಬಿಡುವವರಲ್ಲ.

"ಟೂಟೂ ಅಜ್ಜಿ, ನೀವು ನಮ್ಮನ್ನ ಬಿಟ್ಟು ಹೋದವರು. ಆ ಜಾಗ ಬೇಕು ಅಂದ್ರೆ ನಮ್ಮವರಾಗಿ ವಾಪಸ್ ಬರಬೇಕು. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಕಾಫಿ ನಿಷಿದ್ಧ, ಬಿಡಬೇಕು."

ಆಗ ಅವಳ ಮುಖ ಇಳಿಯಿತು. ರೋಗ ಬೆರಳುಗಳನ್ನು ತಿಂದಿತ್ತು, ಕಣ್ಣನ್ನು ಮಬ್ಬಾಗಿಸಿತ್ತು. ಉಳಿದ ಸುಖವೆಂದರೆ ಬೆಳಗಿನ ಕಾಫಿಯೊಂದೇ ಎಂದು ಅವಳೇ ಹೇಳುತ್ತಿದ್ದಳು.

"ಅರ್ಧ ಲೋಟ?" ಎಂದಳು.

ಹಿರಿಯರು ಇಲ್ಲವೆಂದು ತಲೆಯಾಡಿಸಿದರು.

"ನೋಡಿ, ಸತ್ತ ಮೇಲೂ ನನ್ನ ಹತ್ರ ಏನಾದ್ರೂ ಬಿಡಿಸ್ತಾನೆ ಆ ಹೊಸೆಯಾ," ಎಂದು ಗೊಣಗಿ, ಭಾನುವಾರ ಬರುವೆನೆಂದಳು.

ಅದಾಗಿ ಮೂರು ವರ್ಷವಾಯಿತು. ಕ್ಯಾಥೊಲಿಕರ ಕಡೆ ಹಾಡುವವರೇ ಇಲ್ಲದಂತಾಯಿತೆಂದು ಪಾದ್ರಿಗಳು ಈಗಲೂ ಕೊರಗುತ್ತಾರೆ. ಲೆಪೆಕಾ ಜೋಡಿಗಲ್ಲಿನ ಮೇಲಿದ್ದ ಅತ್ತಿಗೆಯ ಹೆಸರಿಗೆ ಸಿಮೆಂಟು ಬಳಿಸಿದಳು. ಸಿಟ್ಟು ಇಳಿದ ಮೇಲೆ ಮಾತಿಗೂ ಬಂದಳು. ಲುಕಿಯಾ ಈಗ ಬೆಳಿಗ್ಗೆ ಎದ್ದು ಮಾಮಕಿ ಎಲೆಯ ಕಷಾಯ ಕಾಯಿಸಿಕೊಳ್ಳುತ್ತಾಳೆ. ಅದನ್ನು ಅಂಗೈಗಳ ನಡುವೆ ಹಿಡಿದು ಲೆಪೆಕಾಳ ಮನೆಗೆ ಹೋಗಿ, ಅವಳು ಕಾಫಿ ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ಕುಳಿತಿರುತ್ತಾಳೆ.